ಹವಳವನ್ನು ಮಾರಲೊಲ್ಲದ ಅಂಗಡಿ

ಚೆನ್ನೈನ ಜಾರ್ಜ್ ಟೌನಿನ ಮುತ್ತಿಯಾಲಪೇಟೆಯಲ್ಲಿ ಒಂದು ಹಳೆಯ ಬೀದಿಯಿದೆ. ತಮಿಳಿನಲ್ಲಿ ಅದು ಪವಳಕ್ಕಾರ ತೆರು, ಇಂಗ್ಲಿಷಿನಲ್ಲಿ ಕೋರಲ್ ಮರ್ಚೆಂಟ್ ಸ್ಟ್ರೀಟ್. ಕೇಂದ್ರ ಸರ್ಕಾರದ ನೌಕರಿಯ ವರ್ಗಾವಣೆಯ ಚಕ್ರ ನಮ್ಮನ್ನು ಈ ನಗರಕ್ಕೆ ತಂದುಬಿಟ್ಟ ಮೊದಲ ವರ್ಷದಲ್ಲಿ, ಭಾನುವಾರಗಳಂದು ಬೀದಿಗಳ ಹೆಸರುಗಳನ್ನು ಓದುತ್ತ ಅಲೆಯುವುದೇ ನಮಗಿದ್ದ ಮನರಂಜನೆ. ಆ ಫಲಕದ ಕೆಳಗೆ ನಿಂತಾಗ 'ಪವಳ'ವೆಂಬ ಹಳಗನ್ನಡದ ರೂಪ ಕಿವಿಯಲ್ಲಿ ತಟ್ಟನೆ ನುಡಿಯಿತು. ನಮ್ಮಲ್ಲಿ ಪಕಾರವು ಹಕಾರವಾಗಿ 'ಹವಳ'ವಾಯಿತು. ತಮಿಳರು ಹಳೆಯದನ್ನೇ ಉಳಿಸಿಕೊಂಡರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದರೂ ಹವಳ ಮಾರುವ ಅಂಗಡಿ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮನೆಗೆ ಬಂದು ನೆನೆದದ್ದು ನಮ್ಮ ಅಜ್ಜಿಯ ಕೊರಳ ಸರವನ್ನು. ಕರಿಮಣಿಗಳ ನಡುನಡುವೆ ಪೋಣಿಸಿದ, ಉಟ್ಟು ಉಟ್ಟು ನುಣುಪಾದ ಹವಳಗಳು. ಬಯಲುಸೀಮೆಯ ಆ ಹೆಣ್ಣುಮಗಳು ತನ್ನ ಬದುಕಿನಲ್ಲಿ ಒಮ್ಮೆಯೂ ಕಡಲನ್ನು ಕಂಡವಳಲ್ಲ. ಆದರೂ ಕಡಲ ತಳದ ಒಂದು ಜೀವಿಯ ಎಲುಬು ಅರವತ್ತು ವರ್ಷ ಅವಳ ಎದೆಯ ಮೇಲೆ ಇತ್ತು. ಅದು ಯಾವ ಕಡಲಿನದು, ಯಾರ ಕೈ ದಾಟಿ ಬಂದದ್ದು ಎಂದು ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತ ಹೋದಂತೆ, ದಾರಿಯ ಕೊನೆಯಲ್ಲಿ ನಮಗೆ ಎದುರಾದದ್ದು ನ್ಯೂಯಾರ್ಕಿನ ಒಂದು ಸಿರಿವಂತ ಒಡವೆ ಅಂಗಡಿ. ಅದರ ಹೆಸರು ಟಿಫನಿ. ಅದು ಹವಳವನ್ನು ಮಾರುವುದಿಲ್ಲವೆಂದು ತೀರ್ಮಾನಿಸಿ, ಕಡಲ ರಕ್ಷಣೆಯ ಒಂದು ಸೇವಾಸಂಸ್ಥೆಯೊಡನೆ ಕೈಜೋಡಿಸಿ, ಇತರರೂ ಮಾರದಿರಲಿ ಎಂದು ಪ್ರಚಾರಕ್ಕೆ ನಿಂತಿತು. ಮಾರುವವನು ಕೊಳ್ಳಬೇಡಿ ಎನ್ನುವ ಈ ವಿಚಿತ್ರ ಪ್ರಸಂಗದ ಪೂರ್ವೋತ್ತರಗಳನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಏಕೆಂದರೆ ಈ ಕಥೆಯ ಮೊದಲ ಪುಟದಲ್ಲಿ ಇರುವವರು ನಾವೇ, ಅಂದರೆ ಭಾರತೀಯರು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಲಕ್ಷದ್ವೀಪದ ಹವಳದ ದಿಬ್ಬಕ್ಕೂ ಕೊರಳಿನ ಹವಳಕ್ಕೂ ಒಂದೇ ಹೆಸರು. ವಾಸ್ತವದಲ್ಲಿ ಇವೆರಡೂ ಬೇರೆ. ದಿಬ್ಬ ಕಟ್ಟುವ ಹವಳ ಉಷ್ಣವಲಯದ ಬೆಚ್ಚನೆಯ, ಬೆಳಕುಳ್ಳ ನೀರಿನದು. ತನ್ನ ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡು, ಅದು ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ಪಾಲು ಪಡೆಯುತ್ತದೆ. ಒಡವೆಯ ಕೆಂಪು ಹವಳಕ್ಕೆ ಅಂಥ ಪಾಚಿಯ ನೆರವಿಲ್ಲ. ಅದು ಭೂಮಧ್ಯ ಸಮುದ್ರದ ಗುಹೆಗಳಲ್ಲಿ, ಬಂಡೆಯ ಅಡಿಗಳಲ್ಲಿ, ಮಸುಕು ಬೆಳಕಿನಲ್ಲಿ, ನೀರು ಹೊತ್ತು ತಂದ ಕಣಗಳನ್ನು ಹಿಡಿದು ತಿಂದು ಬದುಕುತ್ತದೆ. ಗಿಡದಂತೆ ಕವಲೊಡೆಯುತ್ತದೆ, ಪ್ರತಿ ಕವಲಿನ ಮೇಲೆ ಎಂಟೆಂಟು ಎಸಳುಗಳ ಬಿಳಿಯ ಹೂವಿನಂಥ ಪುಟ್ಟ ಪ್ರಾಣಿಗಳು. ಅವು ಸೇರಿ ಕಟ್ಟಿದ ಕೆಂಪು ಸುಣ್ಣದ ಕಾಂಡವೇ ನಾವು ಪೋಣಿಸುವ ಮಣಿ. ಆ ಕಾಂಡ ದಪ್ಪವಾಗುವುದು ವರ್ಷಕ್ಕೆ ಒಂದು ಮಿಲಿಮೀಟರಿನ ಕಾಲುಭಾಗದ ಆಸುಪಾಸು ಮಾತ್ರ. ಅಜ್ಜಿಯ ಸರದ ಒಂದೊಂದು ಮಣಿಯೂ ಸುಮಾರು ಆರು ಮಿಲಿಮೀಟರಿನದು. ಲೆಕ್ಕ ಹಾಕಿದರೆ, ಒಂದು ಮಣಿಗೆ ಬೇಕಾದ ದಪ್ಪ ಬರಲು ಕಡಲಿಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹಿಡಿದಿರಬೇಕು.

ಈ ವಸ್ತು ಪ್ರಾಣಿಯೋ ಗಿಡವೋ ಕಲ್ಲೋ ಎಂಬುದು ಹಿಂದಿನವರಿಗೆ ಬಗೆಹರಿಯದ ಒಗಟಾಗಿತ್ತು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ರೋಮನ್ ಕವಿ ಓವಿಡ್‌ನ ರೂಪಾಂತರಗಳ ಕಾವ್ಯವನ್ನು ಅನುವಾದದಲ್ಲಿ ಓದಿದ್ದೆವು. ಅಲ್ಲಿ ವೀರ ಪರ್ಸಿಯಸ್ ತಾನು ಕಡಿದ ಮೆಡೂಸಾಳ ತಲೆಯನ್ನು ಕಡಲದಂಡೆಯ ಜೊಂಡಿನ ಮೇಲೆ ಇಡುತ್ತಾನೆ; ನೋಡಿದವರನ್ನು ಕಲ್ಲಾಗಿಸುವ ಆ ತಲೆಯ ಸೋಂಕಿನಿಂದ ಮೆತ್ತನೆಯ ಕಡಲಗಿಡ ಗಡುಸಾಗುತ್ತದೆ; ಹವಳ ಹುಟ್ಟುತ್ತದೆ. ಪರೀಕ್ಷೆಗೆಂದು ಓದಿ ಮರೆತಿದ್ದ ಈ ಕಥೆ ನಮ್ಮ ಊರಿನ ಸರಕ್ಕೆ ಸಂಬಂಧಿಸಿದ್ದೆಂದು ಆಗ ಹೊಳೆದಿರಲಿಲ್ಲ.

ಸಂಬಂಧವನ್ನು ಸ್ಪಷ್ಟವಾಗಿ ಬರೆದಿಟ್ಟವನು ಕ್ರಿ.ಶ. ಮೊದಲನೆಯ ಶತಮಾನದ ಹಿರಿಯ ಪ್ಲಿನಿ. ರೋಮನ್ನರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತೀಯರಿಗೆ ಹವಳವೂ ಅಷ್ಟೇ ಪ್ರಿಯವೆಂದು ಆತ ತನ್ನ ನಿಸರ್ಗ ಚರಿತ್ರೆಯಲ್ಲಿ ಹೇಳುತ್ತಾನೆ. ಅಲ್ಲಿನ ಜೋಯಿಸರು ಅದನ್ನು ಅಪಾಯ ನಿವಾರಿಸುವ ರಕ್ಷೆಯೆಂದು ನಂಬುತ್ತಾರೆ. ಹಿಂದೆ ಗಾಲರು ತಮ್ಮ ಕತ್ತಿ ಗುರಾಣಿಗಳನ್ನು ಹವಳದಿಂದ ಸಿಂಗರಿಸುತ್ತಿದ್ದರು. ಭಾರತದ ಬೇಡಿಕೆಯಿಂದಾಗಿ ಈಗ ಹವಳ ತಾನು ಹುಟ್ಟುವ ನಾಡಿನಲ್ಲೇ ಕಾಣಸಿಗುವುದು ಅಪರೂಪವಾಗಿದೆ. ಇದು ಆತನ ಮಾತಿನ ಸಾರಾಂಶ. ದೂರದೇಶದ ಒಡವೆಯ ಆಸೆಗೆ ಒಂದು ಕಡಲು ಬರಿದಾಗುವುದನ್ನು ಇಷ್ಟು ನೇರವಾಗಿ ಹೇಳಿದ ಪ್ರಾಚೀನ ಬರಹ ನಮಗೆ ಬೇರೆ ಗೊತ್ತಿಲ್ಲ. ಅದರಲ್ಲಿ ಆಸೆ ಪಟ್ಟವರು ನಾವು.

ಪ್ಲಿನಿಯ ಮಾತು ಬರಿಯ ಉತ್ಪ್ರೇಕ್ಷೆಯಲ್ಲ. ಅದೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಎರಿತ್ರಿಯನ್ ಕಡಲಿನ ಪೆರಿಪ್ಲಸ್ ಎಂಬ ವ್ಯಾಪಾರಿಯ ಕೈಪಿಡಿಯಲ್ಲಿ ಸಿಂಧೂ ಮುಖದ ಬಾರ್ಬರಿಕಂ, ಭೃಗುಕಚ್ಛ ಮತ್ತು ಕೇರಳದ ಮುಜಿರಿಸ್ ಬಂದರುಗಳಿಗೆ ಬರುವ ಸರಕುಗಳ ಪಟ್ಟಿಯಲ್ಲಿ ಹವಳವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಕೋಶಾಧ್ಯಾಯದಲ್ಲಿ 'ಆಲಕಂದಕ'ವೆಂಬ ಪ್ರವಾಳದ ಪ್ರಸ್ತಾಪವಿದೆ. ಆ ಹೆಸರು ಈಜಿಪ್ಟಿನ ಅಲೆಗ್ಸಾಂಡ್ರಿಯಾದಿಂದ ಬಂದಿರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ನವರತ್ನಗಳ ಸಾಲಿನಲ್ಲಿ ಹವಳಕ್ಕೆ ಕುಜನ ಸ್ಥಾನ ದೊರೆಯಿತು. ಕವಿಗಳ ಕೈಯಲ್ಲಿ ಅದು ನಾಯಕಿಯ ತುಟಿಯಾಯಿತು. 'ಮುತ್ತು ಹವಳ' ಎಂಬ ಜೋಡಿಪದ ಸಿರಿಯ ಹೆಸರೇ ಆಯಿತು. ಮುತ್ತು ನಮ್ಮ ಕಡಲಿನದು. ಜೊತೆಗಿರುವ ಹವಳ ಮಾತ್ರ ಏಳು ಸಾವಿರ ಕಿಲೋಮೀಟರಿನಾಚೆಯ ಅತಿಥಿ.

ಈ ಅತಿಥಿ ಬಂದ ದಾರಿಗಳು ಕಾಲಕಾಲಕ್ಕೆ ಬದಲಾದವು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ನಮ್ಮ ಭಟ್ಕಳ ಬಂದರಿನ ಆಮದುಗಳನ್ನು ಹೇಳುವಾಗ ತಾಮ್ರ, ಪಾದರಸ, ಇಂಗುಲೀಕಗಳ ಜೊತೆಗೆ ಹವಳವನ್ನೂ ಹೆಸರಿಸುತ್ತಾನೆ. ಭಟ್ಕಳದಿಂದ ಘಟ್ಟ ಹತ್ತಿದರೆ ವಿಜಯನಗರದ ಪೇಟೆ. ಮುಂದಿನ ಎರಡು ಶತಮಾನಗಳಲ್ಲಿ ಹವಳದ ರಾಜಧಾನಿಯಾದದ್ದು ಇಟಲಿಯ ಪಶ್ಚಿಮ ತೀರದ ಲಿವೋರ್ನೊ. ಟಸ್ಕನಿಯ ಅರಸರು 1591 ಮತ್ತು 1593ರ ಸನ್ನದುಗಳಿಂದ ಈ ಬಂದರಿಗೆ ವರ್ತಕರನ್ನು ಕರೆದರು. ಸ್ಪೇನ್ ಪೋರ್ಚುಗಲ್‌ಗಳಿಂದ ಹೊರದೂಡಲ್ಪಟ್ಟ ಯಹೂದಿಗಳು ಅಲ್ಲಿ ನೆಲೆಯೂರಿದರು. ಸಾರ್ಡೀನಿಯಾ, ಕಾರ್ಸಿಕಾ, ಉತ್ತರ ಆಫ್ರಿಕದ ತೀರಗಳಲ್ಲಿ ಕಿತ್ತ ಹವಳವನ್ನು ಕೊಂಡು, ಸಾಣೆಯಾಡಿಸಿ, ಮಣಿಗಟ್ಟಿ, ಲಿಸ್ಬನ್ನಿನ ಹಡಗುಗಳಲ್ಲಿ ಗೋವೆಗೆ ಕಳಿಸುವುದು ಅವರ ಉದ್ಯೋಗವಾಯಿತು. ಮರಳಿ ಬರುವ ಹಡಗಿನಲ್ಲಿ ಅದರ ಬೆಲೆಗೆ ವಜ್ರ.

ಗೋವೆಯಲ್ಲಿ ಈ ಹವಳವನ್ನು ಪಡೆಯುತ್ತಿದ್ದವರು ಯಾರು? ಇತಿಹಾಸಕಾರ್ತಿ ಫ್ರಾಂಚೆಸ್ಕಾ ತ್ರಿವೆಲ್ಲಾತೊ 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಲಿವೋರ್ನೊದ ಎರ್ಗಾಸ್ ಮತ್ತು ಸಿಲ್ವೆರಾ ಎಂಬ ಯಹೂದಿ ಕೋಠಿಯ ಪತ್ರವ್ಯವಹಾರವನ್ನು ಪರಿಶೀಲಿಸಿದ್ದಾರೆ. ಗೋವೆಯಲ್ಲಿ ಆ ಕೋಠಿಯ ಪ್ರತಿನಿಧಿಗಳಾಗಿದ್ದವರು ಕಾಮತ ಮನೆತನದ ಸಾರಸ್ವತ ಬ್ರಾಹ್ಮಣರು. ಒಬ್ಬರ ಮುಖವನ್ನು ಒಬ್ಬರು ಕಂಡವರಲ್ಲ. ಧರ್ಮ ಬೇರೆ, ಭಾಷೆ ಬೇರೆ, ಮೋಸವಾದರೆ ಇಬ್ಬರನ್ನೂ ಎಳೆತರುವ ಒಂದು ನ್ಯಾಯಾಲಯ ಇರಲಿಲ್ಲ. ಪೋರ್ಚುಗೀಸ್ ಭಾಷೆಯ ಕಾಗದಗಳ ಮೇಲಿನ ವಿಶ್ವಾಸದಿಂದಲೇ ವ್ಯಾಪಾರ ನಡೆಯಿತು. ಮುಂಬೈಯಲ್ಲಿ ಬೆಳೆದ ನಮ್ಮ ಸಾರಸ್ವತ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಾಯಿಯ ಮಂಗಳಸೂತ್ರದಲ್ಲಿಯೂ ಹವಳವಿತ್ತೆಂದರು.

ಇಂಗ್ಲಿಷರು ಬಂದ ಮೇಲೆ ದಾರಿ ಮದರಾಸಿನ ಕಡೆ ತಿರುಗಿತು. ಲಂಡನ್ನಿನ ಯಹೂದಿ ವರ್ತಕರಿಗೆ ಈಸ್ಟ್ ಇಂಡಿಯಾ ಕಂಪನಿ ತನ್ನ ಹಡಗುಗಳಲ್ಲಿ ಹವಳ ಕಳಿಸಲು, ಪ್ರತಿಯಾಗಿ ಗೋಲ್ಕೊಂಡದ ವಜ್ರ ತರಿಸಲು ಪರವಾನಗಿ ಕೊಟ್ಟಿತು. ಅವರಲ್ಲಿ ಕೆಲವರು ಮದರಾಸಿಗೇ ಬಂದು ನೆಲೆಸಿದರು. ಕೃಷ್ಣಾ ತೀರದ ಗಣಿಗಳಿಂದ ಬಂದ ವಜ್ರ ಯೂರೋಪಿನ ರಾಣಿಯರ ಕೊರಳಿಗೆ ಹೋಯಿತು. ಭೂಮಧ್ಯ ಸಮುದ್ರದ ಹವಳ ನಮ್ಮ ಅಜ್ಜಿಯರ ಕೊರಳಿಗೆ ಬಂತು. ಮುತ್ತಿಯಾಲಪೇಟೆಯ ಆ ಬೀದಿಗೆ ಹೆಸರು ಬಂದದ್ದು ಈ ವಿನಿಮಯದಿಂದ.

ಇನ್ನು ಹವಳ ಕೀಳುವವರ ಊರಿಗೆ ಹೋಗೋಣ. ನೇಪಲ್ಸಿನ ಬಳಿ ವೆಸೂವಿಯಸ್ ಜ್ವಾಲಾಮುಖಿಯ ಬುಡದಲ್ಲಿ ತೊರ್ರೆ ದೆಲ್ ಗ್ರೇಕೊ ಎಂಬ ಪಟ್ಟಣವಿದೆ. ಇದೇ ಬೆಟ್ಟ ಕ್ರಿ.ಶ. 79ರಲ್ಲಿ ಸಿಡಿದಾಗ, ಇದೇ ಕೊಲ್ಲಿಯ ಇನ್ನೊಂದು ದಡದಲ್ಲಿ ಪ್ಲಿನಿ ಅಸುನೀಗಿದ. ತೊರ್ರೆಯ ದೋಣಿಗಳು ಶತಮಾನಗಳ ಕಾಲ ಹವಳಕ್ಕೆ ಹೋದವು. 1790ರಲ್ಲಿ ನೇಪಲ್ಸಿನ ಬೂರ್ಬೋನ್ ಅರಸು ಈ ಕಸುಬಿಗೆಂದೇ ಒಂದು ಕಾನೂನು ಸಂಹಿತೆಯನ್ನು ಹೊರಡಿಸಿದ. 1805ರಲ್ಲಿ ಮಾರ್ಸೇಲ್ಸಿನ ಮಾರ್ಟಿನ್ ಎಂಬಾತ ಅಲ್ಲಿ ಮೊದಲ ಕಾರ್ಖಾನೆ ತೆರೆದ. 1878ರಲ್ಲಿ ಹವಳದ ಕೆತ್ತನೆ ಕಲಿಸುವ ಶಾಲೆ ಆರಂಭವಾಯಿತು.

ಅವರು ಹವಳ ಕೀಳುತ್ತಿದ್ದ ಸಾಧನವನ್ನು ವಿವರಿಸಲೇಬೇಕು. ಎರಡು ಭಾರಿ ಮರದ ತೊಲೆಗಳನ್ನು ಅಡ್ಡಡ್ಡಲಾಗಿ ಶಿಲುಬೆಯಂತೆ ಕಟ್ಟಿ, ನಡುವೆ ಕಲ್ಲಿನ ಭಾರ ಹಾಕಿ, ತುದಿಗಳಿಗೆ ಹರಕು ಬಲೆಗಳ ಗೊಂಚಲು ಇಳಿಬಿಡುತ್ತಾರೆ. ಇದನ್ನು ಕಡಲ ತಳಕ್ಕೆ ಇಳಿಸಿ ದೋಣಿಯಿಂದ ಎಳೆಯುತ್ತಾರೆ. ತೊಲೆ ಬಂಡೆಗೆ ಬಡಿದು ಹವಳ ಮುರಿಯುತ್ತದೆ. ಮುರಿದ ತುಂಡುಗಳಲ್ಲಿ ಕೆಲವು ಬಲೆಗೆ ಸಿಕ್ಕಿಕೊಳ್ಳುತ್ತವೆ. ಸಿಕ್ಕದೆ ತಳದಲ್ಲೇ ಉಳಿದು ಹಾಳಾಗುವುದಕ್ಕೆ ಲೆಕ್ಕವಿಲ್ಲ. ಹವಳದ ಜೊತೆಗೆ ಸ್ಪಂಜು, ಕಡಲಬೀಸಣಿಗೆ ಮುಂತಾಗಿ ಬಂಡೆಯ ಮೇಲೆ ಬೆಳೆದ ಸಕಲವೂ ಉಜ್ಜಿಹೋಗುತ್ತದೆ. ಕಾಡಿನಲ್ಲಿ ಒಂದು ಜಾತಿಯ ಹಣ್ಣಿಗಾಗಿ ಆನೆಗಳಿಂದ ಮರಗಳನ್ನು ಎಳೆಸಿದಂತೆ. ಈ ಸಾಧನಕ್ಕೆ ಅವರು ಸಂತ ಆಂಡ್ರೂವಿನ ಶಿಲುಬೆಯೆಂದು ಹೆಸರಿಟ್ಟಿದ್ದರು. ಸಂತನ ಹೆಸರಿನಲ್ಲಿ ನಡೆದ ಈ ಉಳುಮೆಯನ್ನು ಯೂರೋಪಿಯನ್ ಒಕ್ಕೂಟ ತನ್ನ ನೀರಿನಲ್ಲಿ ನಿಷೇಧಿಸಿದ್ದು 1994ರಲ್ಲಿ.

ಅದಕ್ಕೂ ಮೊದಲೇ ಕಥೆ ಹಲವು ಸಲ ಮರುಕಳಿಸಿತ್ತು. 1875ರಿಂದ 1880ರ ನಡುವೆ ಸಿಸಿಲಿಯ ಶಾಕ್ಕಾ ಪಟ್ಟಣದ ಎದುರು ಕಡಲಿನಲ್ಲಿ, ಸತ್ತು ಕೆಸರಿನಲ್ಲಿ ರಾಶಿಬಿದ್ದ ಹವಳದ ಮೂರು ಅಗಾಧ ಹಾಸುಗಳು ಸಿಕ್ಕವು. ದೋಣಿಗಳು ಮುಗಿಬಿದ್ದವು, ಹವಳದ ಬೆಲೆ ಕುಸಿಯಿತು, ಹಾಸುಗಳೂ ಬರಿದಾದವು. ಆ ಹೊತ್ತಿಗೆ ಜಪಾನಿನಲ್ಲಿ 1868ರ ಮೇಜಿ ಪರಿವರ್ತನೆಯಾಗಿ, ತೋಸಾ ಪ್ರಾಂತದ ಕರಾವಳಿಯಲ್ಲಿ ಹವಳ ಕೀಳಲು ಇದ್ದ ಅಡ್ಡಿ ತೆರವಾಗಿತ್ತು; ಇಟಲಿಯ ವರ್ತಕರು ಅಲ್ಲಿಂದಲೇ ಕಚ್ಚಾ ಹವಳ ತರಿಸಿ ತೊರ್ರೆಯಲ್ಲಿ ಕೆತ್ತಿಸಿದರು. 1960ರ ದಶಕದಲ್ಲಿ ಪೆಸಿಫಿಕ್ಕಿನ ನಡುವೆ, ಮಿಡ್‌ವೇ ದ್ವೀಪದ ವಾಯವ್ಯಕ್ಕಿರುವ ಕಡಲೊಳಗಿನ ಬೆಟ್ಟಗಳ ಮೇಲೆ ಇನ್ನೊಂದು ನಿಧಿ ಸಿಕ್ಕಿತು. ಜಪಾನ್ ಮತ್ತು ತೈವಾನಿನ ದೋಣಿಗಳು ಎರಡು ದಶಕಗಳಲ್ಲಿ ಅದನ್ನೂ ಮುಗಿಸಿದವು. ನಿಧಿ ಸಿಗುವುದು, ಮುಗಿಬೀಳುವುದು, ಬರಿದಾಗುವುದು, ಮುಂದಿನ ಕಡಲಿಗೆ ಹೊರಡುವುದು. ಕೋಲಾರದ ಗಣಿ ಕಂಡ ನಮಗೆ ಈ ಲಯ ಅಪರಿಚಿತವಲ್ಲ. ಗಣಿಯ ಚಿನ್ನ ಮತ್ತೆ ಬೆಳೆಯುವುದಿಲ್ಲ, ಹವಳವೋ ಕಾದರೆ ಬೆಳೆಯುತ್ತದೆ. ಕಾಯುವವರು ಇರಲಿಲ್ಲ.

ಈಗ ನ್ಯೂಯಾರ್ಕಿಗೆ ಬರೋಣ. ಟಿಫನಿ ಅಂಗಡಿ 1837ರಲ್ಲಿ ಬ್ರಾಡ್‌ವೇ ಬೀದಿಯಲ್ಲಿ ಕಾಗದ, ಲೇಖನಿ, ಅಲಂಕಾರದ ಸಾಮಾನುಗಳ ಮಳಿಗೆಯಾಗಿ ಹುಟ್ಟಿ, ಮುಂದೆ ವಜ್ರ ಬೆಳ್ಳಿಗಳಿಗೆ ಹೆಸರಾದದ್ದು. 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಗತ್ತಿನ ಒಡವೆ ಅಂಗಡಿಗಳೆಲ್ಲ ಒಂದು ಪ್ರಶ್ನೆಗೆ ಅಂಜತೊಡಗಿದ್ದವು: 'ಇದು ಎಲ್ಲಿಂದ ಬಂತು?' ಆಫ್ರಿಕದ ಅಂತರ್ಯುದ್ಧಗಳಿಗೆ ವಜ್ರದ ಹಣ ಹೋಗುತ್ತಿದ್ದುದು ಬಯಲಾಗಿ, 2003ರಲ್ಲಿ ಕಿಂಬರ್ಲಿ ಒಪ್ಪಂದ ಜಾರಿಗೆ ಬಂತು. ಒಂದು ಸರಕಿನ ಮೂಲವನ್ನು ವಿಚಾರಿಸಿದವರು ಎರಡನೆಯದರ ಮೂಲವನ್ನೂ ವಿಚಾರಿಸುತ್ತಾರೆ. ಟಿಫನಿ 2000ದಲ್ಲಿ ತನ್ನದೇ ಒಂದು ದತ್ತಿ ಪ್ರತಿಷ್ಠಾನವನ್ನು ಸ್ಥಾಪಿಸಿತು. ಅದರ ನೆರವು ಹೋದ ಕ್ಷೇತ್ರಗಳಲ್ಲಿ ಹವಳ ಮತ್ತು ಕಡಲ ಸಂರಕ್ಷಣೆ ಮುಖ್ಯವಾದದ್ದು. ಆ ದಶಕದ ಮೊದಲ ವರ್ಷಗಳಲ್ಲೇ ಅಂಗಡಿ ಹವಳದ ಒಡವೆಗಳ ಮಾರಾಟವನ್ನು ನಿಲ್ಲಿಸಿತು.

ಪ್ರತಿಷ್ಠಾನ ನೆರವಾದ ಸಂಸ್ಥೆಗಳಲ್ಲಿ ಸೀವೆಬ್ ಎಂಬ ಅಮೆರಿಕದ ಕಡಲ ಸೇವಾಸಂಸ್ಥೆಯೂ ಒಂದು. ಈ ಸಂಸ್ಥೆಗೆ ಒಂದು ವಿಶಿಷ್ಟ ಅನುಭವವಿತ್ತು. ಉತ್ತರ ಅಟ್ಲಾಂಟಿಕ್ಕಿನ ಕತ್ತಿಮೀನು ಅತಿಯಾಗಿ ಹಿಡಿದು ಕ್ಷೀಣಿಸುತ್ತಿದ್ದಾಗ, 1998ರಲ್ಲಿ ಅದು ಹೆಸರಾಂತ ಬಾಣಸಿಗರನ್ನು ಒಪ್ಪಿಸಿ ಆ ಮೀನನ್ನು ಅವರ ಊಟದ ಪಟ್ಟಿಯಿಂದ ತೆಗೆಸಿತು. 2000ದಲ್ಲಿ ಕ್ಯಾಸ್ಪಿಯನ್ ಕಡಲಿನ ಸ್ಟರ್ಜನ್ ಮೀನಿನ ಮೊಟ್ಟೆಯಾದ ಕ್ಯಾವಿಯಾರ್ ವಿಷಯದಲ್ಲಿ ಇಂಥದೇ ಅಭಿಯಾನ ನಡೆಸಿತು. ಇದರ ತರ್ಕ ಸರಳ. ಸಿರಿವಂತರ ತಟ್ಟೆಯಲ್ಲಿ ಏನಿದೆಯೋ ಅದಕ್ಕೆ ಎಲ್ಲರೂ ಆಸೆಪಡುತ್ತಾರೆ. ಆದ್ದರಿಂದ ಆಸೆಯನ್ನು ಅದು ಹುಟ್ಟುವ ಮೇಜಿನ ಮೇಲೆಯೇ ತಡೆಯಬೇಕು. ಅದೇ ತರ್ಕವನ್ನು ತಟ್ಟೆಯಿಂದ ಕೊರಳಿಗೆ ತಂದಾಗ, 2008ರ ಸುಮಾರಿಗೆ ಟಿಫನಿ ಪ್ರತಿಷ್ಠಾನದ ಬೆಂಬಲದಿಂದ ಹೊಸ ಅಭಿಯಾನವೊಂದು ರೂಪುಗೊಂಡಿತು. ಅದರ ಹೆಸರನ್ನು ಕನ್ನಡದಲ್ಲಿ 'ತೊಡಲಾರದಷ್ಟು ಅಮೂಲ್ಯ' ಎಂದು ಹೇಳಬಹುದು. ಕೆಲವು ಒಡವೆ ಮತ್ತು ಉಡುಪಿನ ವಿನ್ಯಾಸಕಾರರೂ ಜೊತೆಗೂಡಿ ಹವಳವನ್ನು ಬಿಟ್ಟರು.

ಈ ಪಾಲುದಾರಿಕೆಯಲ್ಲಿ ನಮಗೆ ಗಮನಾರ್ಹವೆನಿಸಿದ್ದು ಒಂದು ಅಂಶ. ಐಷಾರಾಮಿ ಬ್ರ್ಯಾಂಡುಗಳು ಕಡಲಿಗಾಗಿ ಕೈಚಾಚುವುದು ಈಗ ಸಾಮಾನ್ಯ. ಸ್ವಿಸ್ ಗಡಿಯಾರ ಸಂಸ್ಥೆ ಬ್ಲಾಂಪೇನ್ 2014ರಲ್ಲಿ 250 ಗಡಿಯಾರಗಳನ್ನಷ್ಟೇ ತಯಾರಿಸಿ, ಒಂದೊಂದರ ಮಾರಾಟದಿಂದ 1,000 ಯೂರೋಗಳನ್ನು ಕಡಲ ಸಂಶೋಧನಾ ಯಾನಗಳಿಗೆ ಕೊಡುವುದಾಗಿ ಸಾರಿತು. ಇಟಲಿಯ ಪ್ರಾದಾ ಸಂಸ್ಥೆ 2019ರಿಂದ ಯುನೆಸ್ಕೋದ ಸಾಗರ ಆಯೋಗದೊಡನೆ ಶಾಲಾಮಕ್ಕಳಿಗೆ ಕಡಲಿನ ಶಿಕ್ಷಣ ನೀಡುತ್ತಿದ್ದು, 2023ರ ಜುಲೈಯಿಂದ ತನ್ನ ಮರುಬಳಕೆಯ ನೈಲಾನ್ ಸರಕಿನ ಮಾರಾಟದ ಶೇ. 1 ಭಾಗವನ್ನು ಅದಕ್ಕೆ ಮೀಸಲಿಟ್ಟಿದೆ. ಇವು ಒಳ್ಳೆಯ ಕೆಲಸಗಳೇ, ಹಳಿಯಲು ಕಾರಣವಿಲ್ಲ. ಆದರೆ ಇವುಗಳ ಲೆಕ್ಕದಲ್ಲಿ ಕಡಲಿಗೆ ಹೆಚ್ಚು ಸಲ್ಲಬೇಕಾದರೆ ನಾವು ಹೆಚ್ಚು ಕೊಳ್ಳಬೇಕು. ಟಿಫನಿಯ ನಿರ್ಧಾರದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಕಡಲಿಗೆ ಸಂದದ್ದು ಮಾರದೆ ಬಿಟ್ಟದ್ದು. ಬ್ರ್ಯಾಂಡೊಂದು ಸೇವಾಸಂಸ್ಥೆಯ ಕೈಹಿಡಿದಾಗ ಎಷ್ಟು ಕೊಟ್ಟಿತೆಂದು ಕೇಳುವುದರ ಜೊತೆಗೆ ಏನನ್ನು ಮಾರುವುದು ಬಿಟ್ಟಿತೆಂದು ಕೇಳುವುದು ಒಳ್ಳೆಯದು. ಕಚೇರಿಯಲ್ಲಿ ಕಡತಗಳ ನಡುವೆ ಬದುಕುವ ನಮಗೆ, ಮಂಜೂರಾದ ಮೊತ್ತಕ್ಕಿಂತ ನಿಲ್ಲಿಸಿದ ಕೆಲಸ ಹೆಚ್ಚು ಹೇಳುತ್ತದೆಂಬುದು ಅನುಭವದ ಮಾತು.

ಹಾಗೆಂದು ತ್ಯಾಗವನ್ನು ಅಳತೆ ಮೀರಿ ಹೊಗಳುವುದೂ ಸಲ್ಲದು. ವಜ್ರ, ಚಿನ್ನ, ಬೆಳ್ಳಿಗಳ ಅಂಗಡಿಗೆ ಹವಳವನ್ನು ಬಿಡುವುದು ಕಲ್ಯಾಣಮಂಟಪದವರು ಊಟದಲ್ಲಿ ಉಪ್ಪಿನಕಾಯಿ ಬಿಟ್ಟಂತೆ. ಅದೇ ನಿರ್ಧಾರ ತೊರ್ರೆ ದೆಲ್ ಗ್ರೇಕೊದವರಿಗೆ ಅನ್ನವನ್ನೇ ಬಿಟ್ಟಂತೆ. ಆ ಪಟ್ಟಣದವರ ವಾದವನ್ನೂ ಕೇಳಬೇಕು. ಜನರು ಬಿಳಿಚಿ ಸಾಯುತ್ತಿರುವ ಹವಳದ ದಿಬ್ಬಗಳ ಚಿತ್ರ ನೋಡಿ ನಮ್ಮ ಕೆಂಪು ಹವಳವೂ ಅದೇ ಎಂದು ಭ್ರಮಿಸುತ್ತಾರೆ. ದಿಬ್ಬಗಳನ್ನು ಕೊಲ್ಲುತ್ತಿರುವುದು ನಮ್ಮ ಉಳಿಯಲ್ಲ, ಜಗತ್ತಿನ ಹೊಗೆ. ಶಿಲುಬೆ ಎಳೆಯುವುದನ್ನು ಬಿಟ್ಟು ಈಗ ಮುಳುಗುಗಾರರು ಸುತ್ತಿಗೆ ಹಿಡಿದು ಆರಿಸಿ ಕೀಳುತ್ತಾರೆ. ತಲೆಮಾರುಗಳ ಕಲೆಯನ್ನು ಸಿರಿವಂತ ಅಂಗಡಿಯೊಂದರ ಸದಾಚಾರಕ್ಕಾಗಿ ಮುಚ್ಚಬೇಕೆ? ಈ ವಾದದಲ್ಲಿ ಸತ್ಯಾಂಶವಿದೆ. ಭೂಮಧ್ಯ ಸಮುದ್ರದ ಮೀನುಗಾರಿಕಾ ಆಯೋಗ 2011ರಲ್ಲಿ 50 ಮೀಟರಿಗಿಂತ ಮೇಲಿನ ನೀರಿನಲ್ಲಿ ಹವಳ ಕೀಳುವುದನ್ನು ನಿಷೇಧಿಸಿತು; 2012ರಲ್ಲಿ ಬುಡದ ದಪ್ಪ 7 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮುಟ್ಟಬಾರದೆಂಬ ನಿಯಮ ಮಾಡಿತು. ನಿಯಮಗಳು ಬೇಕಾದುವೆಂಬುದೇ, ಮೇಲಿನ ನೀರಿನ ಹವಳ ಎಷ್ಟು ಸವೆದಿತ್ತೆಂಬುದಕ್ಕೂ ಸಾಕ್ಷಿ. 7 ಮಿಲಿಮೀಟರ್ ಎಂದರೆ ಮೂವತ್ತು ವರ್ಷದ ಹತ್ತಿರದ ಬೆಳೆ.

ಅಂಗಡಿಯ ನಿರಾಕರಣೆ ಕಾನೂನಾಗಬಹುದಾಗಿದ್ದ ಗಳಿಗೆಯೂ ಬಂದಿತ್ತು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಕೆಂಪು, ಗುಲಾಬಿ ಹವಳಗಳನ್ನು ಸೇರಿಸಬೇಕೆಂದು 2007ರ ಹೇಗ್ ಸಮ್ಮೇಳನದಲ್ಲಿ ಅಮೆರಿಕ ಸೂಚಿಸಿತು. ಅನುಬಂಧಕ್ಕೆ ಸೇರಿದರೆ ವ್ಯಾಪಾರ ನಿಲ್ಲುವುದಿಲ್ಲ. ಗಡಿ ದಾಟುವ ಪ್ರತಿ ಮಣಿಗೂ ಪರವಾನಗಿ ಬೇಕಾಗುತ್ತದೆ, ಅಷ್ಟೆ. ಸಮಿತಿಯಲ್ಲಿ ಗೆದ್ದ ಸೂಚನೆ ಪೂರ್ಣಸಭೆಯ ಗುಪ್ತ ಮತದಾನದಲ್ಲಿ ಬಿದ್ದುಹೋಯಿತು. 2010ರಲ್ಲಿ ದೋಹಾ ಸಮ್ಮೇಳನದಲ್ಲಿ ಅಮೆರಿಕದ ಜೊತೆಗೆ ಯೂರೋಪಿಯನ್ ಒಕ್ಕೂಟವೂ ನಿಂತಿತು. ಅಭಿಯಾನದವರು ಬೆಂಬಲ ಸೂಚಿಸಿದರು. ಪರವಾಗಿ 64, ವಿರೋಧವಾಗಿ 59, ತಟಸ್ಥ 10. ಬೇಕಾದದ್ದು ಮೂರನೇ ಎರಡು ಭಾಗದ ಬಹುಮತ, ಅಂದರೆ 82. ಹವಳ ಮತ್ತೆ ಸೋತಿತು.

ಸೋತದ್ದರ ಪರಿಣಾಮವನ್ನು 2014ರ ಶರತ್ಕಾಲದಲ್ಲಿ ಜಪಾನ್ ಕಂಡಿತು. ಟೋಕಿಯೋದ ದಕ್ಷಿಣಕ್ಕೆ ಸಾವಿರ ಕಿಲೋಮೀಟರ್ ದೂರದ ಒಗಸವಾರ ದ್ವೀಪಗಳ ಸುತ್ತ, ಚೀನಾದ 200ಕ್ಕೂ ಹೆಚ್ಚು ದೋಣಿಗಳು ಕೆಂಪು ಹವಳವನ್ನು ಕದ್ದು ಕೀಳಲು ಜಮಾಯಿಸಿದವು. ದ್ವೀಪದ ಜನ ರಾತ್ರಿ ದಿಗಂತದಲ್ಲಿ ಸಾಲುಗಟ್ಟಿದ ದೀಪಗಳನ್ನು ನೋಡುತ್ತ ನಿಂತರು. ನ್ಯೂಯಾರ್ಕಿನ ಗಾಜಿನ ಪೆಟ್ಟಿಗೆಯಿಂದ ಹವಳ ಮಾಯವಾದ ಮಾತ್ರಕ್ಕೆ ಏಷ್ಯಾದ ಆಸೆ ಕುಂದಿರಲಿಲ್ಲ.

ಇಲ್ಲಿ ಕತ್ತಿಮೀನಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಬಾಣಸಿಗರ ನಿರಾಕರಣೆಯ ಬೆನ್ನಿಗೇ 1999ರಲ್ಲಿ ಅಟ್ಲಾಂಟಿಕ್ ದೇಶಗಳು ಹತ್ತು ವರ್ಷದ ಚೇತರಿಕೆಯ ಯೋಜನೆಗೆ ಒಪ್ಪಿದವು. ಮರಿಮೀನುಗಳು ಬೆಳೆಯುವ ನೀರನ್ನು ಅಮೆರಿಕ ದೀರ್ಘದಾರದ ಮೀನುಗಾರಿಕೆಗೆ ಮುಚ್ಚಿತು. 2009ರ ಹೊತ್ತಿಗೆ ಸಂತತಿ ಚೇತರಿಸಿತೆಂದು ಘೋಷಣೆಯಾಯಿತು. ಬೆಲೂಗಾ ಕ್ಯಾವಿಯಾರ್ ಆಮದನ್ನು ಅಮೆರಿಕ 2005ರಲ್ಲಿ ನಿಷೇಧಿಸಿತು. ಹವಳದ ವಿಷಯದಲ್ಲಿ ನಿರಾಕರಣೆ ಮೊದಲು ಬಂತು, ಜಗತ್ತಿನ ಕಾನೂನು ಹಿಂದೆ ಬರಲಿಲ್ಲ. ಅಂಗಡಿ ಒಂದು ಬಾಗಿಲನ್ನು ಮುಚ್ಚಬಹುದು. ಓಣಿಯನ್ನು ಮುಚ್ಚುವುದು ಪುರಸಭೆಯ ಕೆಲಸ. ಭಾರತ ತನ್ನ ನೀರಿನಲ್ಲಿ ಈ ಕೆಲಸ ಮಾಡಿದೆ. 2001ರಲ್ಲಿ ದಿಬ್ಬ ಕಟ್ಟುವ ಹವಳ, ಕಪ್ಪು ಹವಳ, ಕಡಲಬೀಸಣಿಗೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವನ್ನು ಮುಟ್ಟಿದರೆ ಹುಲಿಯನ್ನು ಮುಟ್ಟಿದಷ್ಟೇ ಅಪರಾಧ. ಬೇರೆಯವರ ಕಡಲಿನಿಂದ ಬರುವ ಕೆಂಪು ಹವಳ ಮಾತ್ರ ಎಂದಿನಂತೆ ನಮ್ಮ ಪೇಟೆಗೆ ಬರುತ್ತಲೇ ಇದೆ.

ನ್ಯಾಯಪೀಠದ ಮೇಲೆ ಕುಳಿತವರಂತೆ ಇಷ್ಟೆಲ್ಲ ಬರೆದ ನಮ್ಮ ಬೆರಳಿನಲ್ಲೂ ಒಂದು ಹವಳವಿದೆ. ನೌಕರಿಯಲ್ಲಿ ಬಡ್ತಿ ತಡವಾದ ವರ್ಷ, ಜಾತಕದಲ್ಲಿ ಕುಜ ಸರಿಯಿಲ್ಲವೆಂದು ತಾಯಿಯವರು ಪಟ್ಟುಹಿಡಿದು, ಒಂದು ಮಂಗಳವಾರ ಬೆಳಿಗ್ಗೆ ತೊಡಿಸಿದ ಉಂಗುರ. ನಂಬಿಕೆಯಿರಲಿಲ್ಲ, ತಾಯಿಯ ಮಾತು ಮೀರುವ ಧೈರ್ಯವೂ ಇರಲಿಲ್ಲ. ಪ್ಲಿನಿ ಹೇಳಿದ ಜೋಯಿಸರ ಮಾತು ಎರಡು ಸಾವಿರ ವರ್ಷ ದಾಟಿ ನಮ್ಮ ಕಡೆಗೇ ಬೆರಳು ತೋರಿಸುತ್ತಿದೆ. ತಾಯಿ ಈಗಿಲ್ಲ, ಉಂಗುರ ತೆಗೆಯಲು ಮನಸ್ಸು ಬರುವುದಿಲ್ಲ. ಆದ್ದರಿಂದಲೇ, ಅಂಗಡಿಯೊಂದು ತಾನಾಗಿ ಹವಳ ಬಿಟ್ಟಿತೆಂಬುದು ಅದಕ್ಕೆ ಎಷ್ಟೇ ಅಗ್ಗವಾಗಿದ್ದರೂ ನಮಗೆ ಕ್ಷುಲ್ಲಕವೆನಿಸುವುದಿಲ್ಲ. ಆಸೆಯ ಜೊತೆಗೆ ಮಮತೆಯೂ ಹೆಣೆದುಕೊಂಡಾಗ ಬಿಡುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು.

ಕಳೆದ ವರ್ಷ ಮನೆಯಲ್ಲೊಂದು ಮದುವೆ. ತಂಗಿಯ ಮಗಳ ಕರಿಮಣಿ ಸರಕ್ಕೆ ಹವಳ ಬೇಕೆಂದು ಚಿನ್ನದಂಗಡಿಗೆ ಹೋದೆವು. ಅಂಗಡಿಯವರು ಮೂರು ತಟ್ಟೆ ತಂದಿಟ್ಟರು: ಒಂದು ಇಟಲಿಯದಂತೆ, ಒಂದು ಜಪಾನಿನದಂತೆ, ಮೂರನೆಯದು ಬೇರೆ ಜಾತಿಯ ಅಗ್ಗದ ಹವಳಕ್ಕೆ ಬಣ್ಣ ಹಾಕಿದ್ದು. ಯಾವ ಕಡಲಿನಿಂದ, ಹೇಗೆ ಕಿತ್ತದ್ದು ಎಂದು ಕೇಳಿದೆವು. ಅವರು ನಮ್ಮನ್ನು ಕರುಣೆಯಿಂದ ನೋಡಿ, ಎಲ್ಲವೂ ಅಸಲಿ ಸಾರ್ ಎಂದರು. ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡಿ, ಮುತ್ತಜ್ಜಿಯ ಸರದ ಹವಳವೇ ಇದೆಯಲ್ಲ, ಅದನ್ನೇ ಹಾಕಬಾರದೇ ಎಂದಳು.

ಊರಿನಿಂದ ಸರ ತರಿಸಿದೆವು. ದಾರ ನವೆದಿತ್ತು, ಮಣಿಗಳು ಒಂದೂ ಕೆಟ್ಟಿರಲಿಲ್ಲ. ಎಣಿಸಿದರೆ ಇಪ್ಪತ್ತೊಂದು. ಪೋಣಿಸುವ ಮುದುಕ ಒಂದೊಂದನ್ನೂ ಬೆಳಕಿಗೆ ಹಿಡಿದು, ತೂತಿನ ಅಂಚು ಸವೆದಿದೆಯೇ ಎಂದು ನೋಡಿ, ಹೊಸ ದಾರಕ್ಕೆ ಏರಿಸಿದ. ಹೊಸದಾಗಿ ಬೇಕಾದದ್ದು ದಾರ ಮಾತ್ರ; ಅದಕ್ಕೆ ನಲವತ್ತು ರೂಪಾಯಿ ತೆಗೆದುಕೊಂಡ.